ನಲವತ್ತೆಂಟನೇ ಡಿಗ್ರಿಯ ಉಬ್ಬು

ಬಂದರಿನ ರಾಡಾರ್ ಪರದೆಯ ಮೇಲೆ ಇಲ್ಲದ ಹಡಗುಗಳು ಕಾಣಿಸತೊಡಗಿದಾಗ ಅಲ್ಲಿನವರು ಮೊದಲು ಬೈದದ್ದು ನಮ್ಮನ್ನು. ಬೈಯಲಿ, ತಪ್ಪಿಲ್ಲ. ಅಲ್ಲಿಯ ಗೋಪುರದ ತುದಿಯಲ್ಲಿ ತಿರುಗುವ ಆಂಟೆನಾ ಮಾಡಿಕೊಟ್ಟವರು ನಾವೇ, ನಾನು ಮತ್ತು ನಮ್ಮ ಯಜಮಾನರು. ಮದುವೆಯಾದ ಹೊಸತರಲ್ಲಿ, ಇನ್ನೂ ಒಬ್ಬರ ಮುಖ ಒಬ್ಬರು ನೇರವಾಗಿ ನೋಡುವುದಕ್ಕೂ ನಾಚಿಕೊಳ್ಳುತ್ತಿದ್ದ ಕಾಲದಲ್ಲಿ, ಇಬ್ಬರೂ ಸೇರಿ ಮಾಡಿದ ಮೊದಲ ಆಂಟೆನಾ ಅದು. ಆದರೆ ಬೈಯುವುದಕ್ಕೂ ಒಂದು ರೀತಿ ಬೇಡವೇ? ಬಂದರಿನಿಂದ ಬಂದವನೊಬ್ಬ ಬಾಗಿಲಲ್ಲೇ ನಿಂತು, "ಹಳೇ ಸಾಮಾನು, ಕಿತ್ತು ಗುಜರಿಗೆ ಹಾಕ್ತೀವಿ" ಅಂದುಬಿಟ್ಟ. ಗುಜರಿಯಂತೆ ಗುಜರಿ! ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಅವನು ಹೊಸ್ತಿಲಾಚೆ ಹೋಗಿ ನಿಂತ.

ತೊಂದರೆ ಏನಾಗಿತ್ತೆಂದು ಹೇಳುತ್ತೇನೆ. ಆಂಟೆನಾಕ್ಕೆ ನೇರ ಮುಂದೆ ಒಂದು ದೊಡ್ಡ ಕಿವಿ ಇದೆ ಅಂದುಕೊಳ್ಳಿ. ಕೆಲಸ ಮಾಡುವುದು ಅದು. ಆದರೆ ಎಷ್ಟೇ ಚೆನ್ನಾಗಿ ಮಾಡಿದರೂ ಪಕ್ಕಕ್ಕೆ ನಾಲ್ಕಾರು ಪುಟ್ಟ ಕಿವಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಕಸುಬಿನವರು ಅವಕ್ಕೆ ಸೈಡ್‌ಲೋಬ್ ಅನ್ನುತ್ತಾರೆ. ಕರೆಯದೆ ಬಂದು, ಪಕ್ಕದಲ್ಲಿ ಕೂತು, ತಮಗೆ ಸಂಬಂಧವಿಲ್ಲದ ಮಾತಿಗೆಲ್ಲ ಕಿವಿಗೊಡುವ ನೆಂಟರ ಹಾಗೆ. ನಾವು ಮಾಡಿದ ಕಾಲಕ್ಕೆ ಬಂದರಿನ ಎರಡೂ ಪಕ್ಕ ಬರೀ ನೀರು, ಆ ಪುಟ್ಟ ಕಿವಿಗಳಿಗೆ ಕೇಳಿಸಿಕೊಳ್ಳಲು ಏನೂ ಇರಲಿಲ್ಲ. ಈಗ ಎಡಕ್ಕೆ ಕ್ರೇನುಗಳ ಸಾಲು, ಬಲಕ್ಕೆ ತಗಡಿನ ಗೋದಾಮುಗಳು. ಕ್ರೇನಿಗೆ ಬಡಿದು ವಾಪಸು ಬಂದ ರೇಡಿಯೋ ಅಲೆಯನ್ನು ಪಕ್ಕದ ಕಿವಿ ಹಿಡಿಯುತ್ತದೆ, ಆ ಪೆದ್ದು ಪರದೆ ಅದು ನೇರ ಮುಂದಿನಿಂದಲೇ ಬಂತೆಂದು ತಿಳಿದು ನಡು ನೀರಿನಲ್ಲಿ ಒಂದು ಹಡಗು ಬರೆದುಬಿಡುತ್ತದೆ. ಮಂಜು ಕವಿದ ದಿನ ಇಲ್ಲದ ಹಡಗನ್ನು ತಪ್ಪಿಸಲು ಹೋಗಿ ಇರುವ ಹಡಗಿಗೆ ಗುದ್ದಿದರೆ ಯಾರು ಹೊಣೆ?

ಬಂದರಿನ ರಾಡಾರ್ ನೋಡಿಕೊಳ್ಳುವ ಮೇಡಂ ಒಳ್ಳೆಯವರು. ಅವರೇ ಖುದ್ದಾಗಿ ಬಂದು, "ಮಂಜಿನ ಕಾಲ ಶುರುವಾಗೋವರೆಗೂ ನಾನು ತಡೀತೀನಿ ಸರ್. ಅಷ್ಟರೊಳಗೆ ಏನಾದ್ರೂ ಮಾಡೋಕಾದ್ರೆ ಮಾಡಿ" ಅಂದರು.

ನಮ್ಮ ಯಜಮಾನರು ಗಲ್ಲ ತುರಿಸಿಕೊಂಡು ನಕ್ಕರು. "ಆಂಟೆನಾ ಬದಲಾಯಿಸೋದು ಬೇಡ ಮೇಡಂ. ಅದರ ಮುಂದೆ ಒಂದು ಜರಡಿ ಕಟ್ಟೋಣ."

ಜರಡಿ ಅಂದರೆ ಹಿಟ್ಟಿನ ಜರಡಿಯಲ್ಲ. ತೂತು ಕೊರೆದ ನಾಲ್ಕು ತಗಡಿನ ಹಾಳೆಗಳು, ಒಂದರ ಹಿಂದೆ ಒಂದು, ಆಂಟೆನಾದ ಮುಖಕ್ಕೆ ಅಡ್ಡಲಾಗಿ. ನೇರವಾಗಿ ಬಂದ ಅಲೆ ನಾಲ್ಕನ್ನೂ ದಾಟಿಕೊಂಡು ಒಳಗೆ ಹೋಗುತ್ತದೆ. ಓರೆಯಾಗಿ ಬಂದದ್ದಕ್ಕೆ ಹಾಳೆಯಿಂದ ಹಾಳೆಗೆ ಹೋಗುವ ದಾರಿಯ ಲೆಕ್ಕ ಹೊಂದುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು. ಎಲ್ಲ ಇರುವುದು ಹಾಳೆಗಳ ನಡುವಿನ ಅಂತರದಲ್ಲಿ, ಅದು ಅಲೆಯ ಅರ್ಧ ಉದ್ದದಷ್ಟಿರಬೇಕು. ಬಂದರಿನ ರಾಡಾರಿನ ಅಲೆಗೆ ಹದಿನಾರು ಮಿಲಿಮೀಟರ್. ತೂತು ಎಷ್ಟು ಅಗಲ, ಮೊದಲ ಹಾಳೆಗೆ ಎಷ್ಟು, ನಡುವಿನವಕ್ಕೆ ಎಷ್ಟು ಎನ್ನುವುದನ್ನೆಲ್ಲ ನಮ್ಮವರು ಬಾಯಿಲೆಕ್ಕದಲ್ಲೇ ಅರ್ಧ ಮುಗಿಸಿ, ಉಳಿದದ್ದಕ್ಕೆ ಮಾತ್ರ ಕಂಪ್ಯೂಟರ್ ಮುಟ್ಟುತ್ತಿದ್ದರು. ಈ ಮನುಷ್ಯನ ತಲೆ ಅಂಥದು. ನಾನು ಅವರಿಗೆ ಎಷ್ಟೇ ಬೈದರೂ ಆ ತಲೆಯ ವಿಷಯದಲ್ಲಿ ಯಾವತ್ತೂ ತುಟಿ ಬಿಚ್ಚಿದವಳಲ್ಲ.

ನಮ್ಮ ವರ್ಕ್‌ಶಾಪಿನ ಹಿಂಭಾಗದಲ್ಲಿ ಅಳತೆಯ ಕೋಣೆ ಇದೆ. ನಾವು ಅದಕ್ಕೆ ಗುಹೆ ಅನ್ನುತ್ತೇವೆ. ಗೋಡೆ, ಛಾವಣಿ, ಬಾಗಿಲು, ಎಲ್ಲದರ ಮೇಲೂ ಮೊಳದುದ್ದದ ಕಪ್ಪು ಸ್ಪಂಜಿನ ಮೊನೆಗಳು. ಅಲೆ ಹೋಗಿ ಅವಕ್ಕೆ ಬಡಿದರೆ ಅಲ್ಲೇ ಸತ್ತಿತು, ವಾಪಸು ಬರುವುದಿಲ್ಲ, ಮಾತೂ ಅಷ್ಟೆ. ಒಂದು ತುದಿಯಿಂದ ಅಲೆ ಕಳಿಸುತ್ತೇವೆ, ಇನ್ನೊಂದು ತುದಿಯಲ್ಲಿ ತಿರುಗುಪೀಠದ ಮೇಲೆ ಆಂಟೆನಾ ಕೂತು ಅದನ್ನು ಹಿಡಿಯುತ್ತದೆ. ಪೀಠವನ್ನು ಡಿಗ್ರಿ ಡಿಗ್ರಿಯಾಗಿ ತಿರುಗಿಸುತ್ತಾ ಹೋದರೆ ಯಾವ ದಿಕ್ಕಿನಲ್ಲಿ ಎಷ್ಟು ಕೇಳಿಸುತ್ತದೆ ಎಂಬುದು ಹೊರಗೆ ನನ್ನ ಪರದೆಯ ಮೇಲೆ ಗೆರೆಯಾಗಿ ಬರುತ್ತದೆ.

ಪೀಠ ತಿರುಗಿಸುವುದಕ್ಕೆ ಮೋಟರ್ ಇದೆ. ಇಲ್ಲವೆಂದಲ್ಲ. ಆದರೆ ನಮ್ಮವರಿಗೆ ಅದನ್ನು ಕಂಡರಾಗದು. "ಅದು ಎಳೀತದೆ ಕಣೇ, ತಿರುಗಿಸಲ್ಲ" ಅನ್ನುತ್ತಾರೆ. ಅದಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ತಳ್ಳಿ, ಮದುವೆಯಾದಾಗಿನಿಂದ ತಾವೇ ಗುಹೆಯ ಎಡ ಪಕ್ಕದಲ್ಲಿ ಒಂದು ಮರದ ಸ್ಟೂಲಿನ ಮೇಲೆ ಕೂತು ಕೈಚಕ್ರ ತಿರುಗಿಸುತ್ತಾ ಬಂದಿದ್ದಾರೆ. ಅಲೆ ತಮಗೆ ಬಡಿದು ಅಳತೆ ಕೆಡಬಾರದೆಂದು ಮುಂದೆ ಒಂದು ಮರೆ ಇದೆ, ಹಲಗೆಗೆ ಸ್ಪಂಜು ಅಂಟಿಸಿದ್ದು. ಅವರೇ ತಮ್ಮ ಅಳತೆಗೆ ಮಾಡಿಕೊಂಡದ್ದು. ಕೇಬಲ್ ತೂರಿಸಿದ ಕಿಂಡಿಯೊಂದಿದೆ, ಅದರಲ್ಲಿ ಅವರು ಒಳಗಿನಿಂದ ಡಿಗ್ರಿ ಕೂಗುತ್ತಾರೆ, ನಾನು ಹೊರಗಿನಿಂದ "ಹೂಂ" ಅನ್ನುತ್ತೇನೆ. ನಮ್ಮ ಸಂಸಾರ ನಡೆದದ್ದೇ ಆ ಕಿಂಡಿಯಲ್ಲಿ. ಮಗಳಿಗೆ ಹೆಸರಿಟ್ಟದ್ದು, ಮನೆ ಬದಲಾಯಿಸಿದ್ದು, ಜಗಳ, ರಾಜಿ, ಎಲ್ಲವೂ ಎರಡು ಡಿಗ್ರಿಗಳ ನಡುವೆ.

ಜರಡಿ ಸಿದ್ಧವಾಯಿತು. ಆಂಟೆನಾದ ಅದೇ ಅಚ್ಚಿನ ಇನ್ನೊಂದು ತುಂಡು ನಮ್ಮ ಹತ್ತಿರ ಇತ್ತು, ಅದಕ್ಕೆ ಕಟ್ಟಿ ಅಳೆದೆವು. ಅಬ್ಬಾ, ಆ ಗೆರೆ ನೋಡಬೇಕಿತ್ತು ನೀವು! ಎರಡೂ ಪಕ್ಕದ ಕಿವಿಗಳು ಹೇಳದೆ ಕೇಳದೆ ಮಾಯ. ಮೇಡಂ ಕೊಟ್ಟಿದ್ದ ಮಿತಿಯ ಕೆಂಪು ಗೆರೆಗಿಂತ ಎಷ್ಟೋ ಕೆಳಗೆ ಎಲ್ಲ ನೆಲಸಮ. ಒಂದನ್ನು ಬಿಟ್ಟು. ಎಡಕ್ಕೆ ನಲವತ್ತೆಂಟು ಡಿಗ್ರಿಯಲ್ಲಿ ಒಂದು ಉಬ್ಬು, ಕೆಂಪು ಗೆರೆ ದಾಟಿಕೊಂಡು ತಲೆಯೆತ್ತಿ ನಿಂತಿತ್ತು.

"ಎಡಕ್ಕೆ ನಲವತ್ತೆಂಟರಲ್ಲಿ ಏನೋ ಇದೆ ರೀ" ಅಂದೆ ಕಿಂಡಿಯಲ್ಲಿ.

"ಇರೋಕೆ ಸಾಧ್ಯವೇ ಇಲ್ಲ" ಅಂದರು ಒಳಗಿನಿಂದ. ಎಂಥ ಗತ್ತು!

ಆ ಗತ್ತು ಬಹಳ ದಿನ ಉಳಿಯಲಿಲ್ಲ. ಹಾಳೆ ಎಲ್ಲೋ ಬಾಗಿರಬೇಕೆಂದು ಜರಡಿಯನ್ನು ತಲೆಕೆಳಗು ಮಾಡಿ ಕಟ್ಟಿದರು. ಹಾಳೆಯ ತಪ್ಪಾಗಿದ್ದರೆ ಉಬ್ಬು ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಆಂಟೆನಾವನ್ನೇ ತಲೆಕೆಳಗು ಮಾಡಿದರು. ಉಬ್ಬು ಎಡದಲ್ಲೇ ಪಟ್ಟಾಗಿ ಕೂತಿತ್ತು. ಹಾಗಾದರೆ ದೋಷ ಕೋಣೆಯದೇ ಅಂದುಕೊಂಡು ನಾನು ಗುಹೆಗೆ ನುಗ್ಗಿದೆ. ಸ್ಪಂಜಿನ ಒಂದೊಂದು ಮೊನೆಯನ್ನೂ ಹಿಂಡಿ ನೋಡಿದೆ, ಕೇಬಲ್ ಬದಲಾಯಿಸಿದೆ, ಬಾಗಿಲಿನ ಹಿಡಿಕೆಗೆ ಸ್ಪಂಜು ಸುತ್ತಿದೆ, ಛಾವಣಿಯ ದೀಪವನ್ನೂ ಬಿಚ್ಚಿಸಿ ನೋಡಿ ಮತ್ತೆ ಹಾಕಿಸಿದೆ. ಉಬ್ಬು ಕದಲಲಿಲ್ಲ. ಬೇರೆ ಹೆಂಡತಿಯರು ಮನೆಯಲ್ಲಿ ಏನು ಕೆಟ್ಟರೂ ಮೊದಲು ಗಂಡನನ್ನು ಅನುಮಾನಿಸುತ್ತಾರೆ. ನಾನು ಆ ಕೋಣೆಯಲ್ಲಿ ಇರುವ ಪ್ರತಿಯೊಂದನ್ನೂ ಅನುಮಾನಿಸಿದೆ, ಗಂಡನೊಬ್ಬನನ್ನು ಬಿಟ್ಟು.

ಅವರು ಬೇರೆ ದಾರಿ ಹಿಡಿದರು. ತಮ್ಮನ್ನೇ ಅನುಮಾನಿಸತೊಡಗಿದರು.

ಮೊದಮೊದಲು ನನಗೆ ತಿಳಿಯಲಿಲ್ಲ. ಮಾಡಿದ ಲೆಕ್ಕವನ್ನೇ ಮತ್ತೆ ಮಾಡುತ್ತಿದ್ದರು, ಮಾಡಲಿ ಬಿಡಿ. ಆಮೇಲೆ ಒಂದು ದಿನ, "ನಾನು ಜರಡಿ ತಿರುಗಿಸಿ ಕಟ್ಟಿದ್ನಾ, ಇಲ್ಲ ತಿರುಗಿಸಿದೆ ಅಂದ್ಕೊಂಡ್ನಾ?" ಎಂದು ಕೇಳಿದರು. ನಾನು ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಹದಿನಾರರ ಎರಡು ಪಟ್ಟು ಎಷ್ಟೆಂದು ಕ್ಯಾಲ್ಕುಲೇಟರ್‌ನಲ್ಲಿ ಒತ್ತುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ಆಗ ನನಗೆ ಭಯವಾಯಿತು. ಯಾಕೆಂದರೆ ನಮ್ಮ ಮಾವನವರು ಕೊನೆಕೊನೆಗೆ ತಮ್ಮ ಮನೆಯ ಬಾಗಿಲಲ್ಲೇ ನಿಂತು ಇದು ಯಾರ ಮನೆ ಎಂದು ಕೇಳುತ್ತಿದ್ದರು. ಅದು ಶುರುವಾದದ್ದು ಲೆಕ್ಕ ತಪ್ಪುವುದರಿಂದ. ಆ ದಿನಗಳನ್ನು ನಾವಿಬ್ಬರೂ ನೋಡಿದ್ದೇವೆ, ಆದರೆ ಅದರ ಮಾತನ್ನು ಯಾವತ್ತೂ ಎತ್ತುವುದಿಲ್ಲ.

ಅವರನ್ನು ಕೆರಳಿಸಿಯಾದರೂ ನೋಡೋಣ ಎಂದು ಒಂದು ಮಧ್ಯಾಹ್ನ ಬೇಕೆಂದೇ ಅಂದೆ: "ಹಾಳೆಗಳ ಮಧ್ಯ ಹದಿನೆಂಟು ಇರಬೇಕಿತ್ತಲ್ವಾ? ನೀವೇ ಹದಿನಾರು ಅಂತ ತಪ್ಪು ಹಿಡಿದಿದೀರಾ."

ಹಿಂದಿನ ಕಾಲವಾಗಿದ್ದರೆ ವರ್ಕ್‌ಶಾಪಿನ ತಗಡು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದರು. ಈಗ ಕಾಫಿ ಲೋಟ ಕೆಳಗಿಟ್ಟು, "ಇರಬಹುದು. ನೀನು ಹೇಳಿದ್ಮೇಲೆ ಸರಿ ಇರುತ್ತೆ" ಅಂದರು.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಮಾತೇ ಸರಿ ಎಂದು ಇವರು ಒಪ್ಪಬೇಕೆಂದು ಎಷ್ಟು ವರ್ಷ ಹಂಬಲಿಸಿದ್ದೆನೋ, ಒಪ್ಪಿದ ದಿನ ನನ್ನ ಜೀವವೇ ಹೋದಂತಾಯಿತು.

ಸುದ್ದಿ ಹೇಗೋ ಅತ್ತಿಗೆಗೆ ಮುಟ್ಟಿತು. ಅತ್ತಿಗೆ ಅಂದರೆ ಇವರ ಅಕ್ಕ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಇವತ್ತಿಗೂ ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತವರನ್ನು "ಒಳಗೆ ನಡೀರಿ, ಒಳಗೆ ನಡೀರಿ" ಎಂದು ತಳ್ಳಿಕೊಂಡೇ ಬರುತ್ತಾರೆ. ಬಂದವರೇ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಇದು ಮುಖ? ನಡಿ, ನೆನಪಿನ ಡಾಕ್ಟರ್ ಹತ್ರ ತೋರಿಸಿಕೊಂಡು ಬರೋಣ. ಏನಿದ್ರೂ ಗೊತ್ತಾಗಿಬಿಡ್ಲಿ."

"ಬೇಡ ಅಕ್ಕ."

"ಬೇಡ ಅನ್ನೋಕೆ ನಿನ್ನನ್ನ ಯಾರು ಕೇಳಿದ್ರು? ಹತ್ತು ಗಾಡಿ!"

ಸಣ್ಣ ಹುಡುಗನ ಹಾಗೆ ಹತ್ತಿದರು ಪಾಪ. ಕಿಟಕಿಯಿಂದ ನನ್ನ ಕಡೆ ಒಮ್ಮೆ ಕೈ ಬೀಸಿದರು. ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು. ಡಾಕ್ಟರ ಮೇಲಲ್ಲ, ಅತ್ತಿಗೆಯ ಮೇಲಲ್ಲ, ಆ ಹಾಳು ಉಬ್ಬಿನ ಮೇಲೆ. ನನ್ನ ಗಂಡನ ತಲೆ ತಿನ್ನಲು ಅದಕ್ಕೆಷ್ಟು ಕೊಬ್ಬು! ಇವತ್ತು ಅದೋ ನಾನೋ ಎಂದು ಗುಹೆಯ ದೀಪ ಹಾಕಿದೆ.

ಚಕ್ರ ತಿರುಗಿಸಲು ಇವರಿಲ್ಲ. ನಾನು ಒಳಗೆ ಕೂತರೆ ಪರದೆ ನೋಡುವವರಿಲ್ಲ. ವಿಧಿಯಿಲ್ಲದೆ ಮೂಲೆಯ ಮೋಟರಿನ ಬಟ್ಟೆ ಎಳೆದು, ದೂಳು ಒರೆಸಿ, ಬೆಲ್ಟು ಬಿಗಿದು, ಪೀಠಕ್ಕೆ ಸೇರಿಸಿದೆ. ಸ್ವಿಚ್ ಹಾಕಿದಾಗ ಅದು ಕೆಮ್ಮಿ, ನರಳಿ, ಕೊನೆಗೆ ತಿರುಗಿತು. ನಾನು ಬಾಗಿಲು ಹಾಕಿ ಹೊರಗೆ ಬಂದು ಕೂತೆ.

ಗೆರೆ ಎಡದಿಂದ ಬರತೊಡಗಿತು. ಎಪ್ಪತ್ತು, ಅರವತ್ತು, ಐವತ್ತು. ನಾನು ಹಲ್ಲು ಕಚ್ಚಿಕೊಂಡು ಕಾದೆ. ನಲವತ್ತೆಂಟು ಬಂತು. ಹೋಯಿತು. ಏನೂ ಇರಲಿಲ್ಲ.

ಮೋಟರ್ ಜಾರಿರಬೇಕು ಅಂದುಕೊಂಡು ಇನ್ನೊಮ್ಮೆ ಓಡಿಸಿದೆ. ಏನೂ ಇಲ್ಲ. ಗೆರೆ ಒಗೆದು ಹರವಿದ ಬಟ್ಟೆಯಷ್ಟು ಸಪಾಟು. ಹೋದ ವಾರದಿಂದ ಈ ವಾರಕ್ಕೆ ಗುಹೆಯಲ್ಲಿ ಬದಲಾದದ್ದೇನು? ಮೋಟರ್ ಬಂದಿದೆ. ಮತ್ತೆ? ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದೆ. ತಿರುಗುಪೀಠ, ಆಂಟೆನಾ, ಅದರ ಮುಂದೆ ಜರಡಿ. ಎಡ ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮುಂದೆ ಮರೆ. ಸ್ಟೂಲು ಖಾಲಿ.

ಆ ಖಾಲಿ ಸ್ಟೂಲನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ನಿಧಾನವಾಗಿ ನನ್ನ ಕಣ್ಣು ಮರೆಯ ಹಲಗೆಯ ಮೇಲೆ ಹೋಯಿತು. ಅಯ್ಯೋ ದೇವರೇ, ಎಷ್ಟು ಕಿರಿದು ಅದು! ಆ ಹಲಗೆ ಮಾಡಿದಾಗ ನಮ್ಮವರು ಒಣಗಿದ ಕಡ್ಡಿಯ ಹಾಗಿದ್ದರು, ಅಡ್ಡ ನಿಂತರೆ ಕಾಣುತ್ತಿರಲಿಲ್ಲ. ಆಮೇಲೆ ನನ್ನ ಕೈ ಅಡುಗೆ ಅವರಿಗೆ ಹಿಡಿಸಿತು. ವರ್ಷವರ್ಷಕ್ಕೂ ಪ್ಯಾಂಟು ಬದಲಾದವು, ಹಲಗೆ ಬದಲಾಗಲಿಲ್ಲ.

ಹಾಗೆಂದು ಊಹೆಯ ಮೇಲೆ ಗಂಡನ ಹೊಟ್ಟೆಗೆ ಆಪಾದನೆ ಹೊರಿಸಲಾಗುತ್ತದೆಯೇ? ಕುಡಿಯುವ ನೀರಿನ ದೊಡ್ಡ ಕ್ಯಾನು ತುಂಬಿಸಿ, ಎತ್ತಲಾರದೆ ಎತ್ತಿ, ಸ್ಟೂಲಿನ ಮೇಲೆ ಕೂರಿಸಿದೆ. ಮನುಷ್ಯನ ಮೈಯಲ್ಲಿ ಇರುವುದೂ ಬಹುಪಾಲು ನೀರೇ, ಅಲೆ ಬಡಿದರೆ ಎರಡರಿಂದಲೂ ಚಿಮ್ಮುತ್ತದೆ. ಅವರು ಕೂತಾಗ ಎಷ್ಟು ಹೊರಗೆ ಬರುತ್ತದೋ ಅಷ್ಟೇ ಕ್ಯಾನನ್ನು ಮರೆಯಿಂದ ಆಚೆ ಸರಿಸಿದೆ. ಆ ಅಳತೆ ನನಗೆ ಬಾಯಿಪಾಠ. ಹೊರಗೆ ಬಂದು ಮೋಟರ್ ಹಾಕಿದೆ.

ಎಡಕ್ಕೆ ನಲವತ್ತೆಂಟು. ಎದ್ದು ಕೂತಿತು ಉಬ್ಬು!

ಒಬ್ಬಳೇ ಕೂತು ಜೋರಾಗಿ ನಕ್ಕೆ. ಆಂಟೆನಾ ತಿರುಗುತ್ತಾ ತಿರುಗುತ್ತಾ ಎಡಕ್ಕೆ ನಲವತ್ತೆಂಟಕ್ಕೆ ಬಂದಾಗ ಅದರ ದೊಡ್ಡ ಕಿವಿ ನೇರ ಇವರ ಎದುರಿಗೆ ಬರುತ್ತದೆ. ಇವರ ಹೊಟ್ಟೆಗೆ ಬಡಿದ ಅಲೆ ಅದರೊಳಕ್ಕೆ ಹೋಗುತ್ತದೆ, ನಾವು ಅದನ್ನು ಪಕ್ಕದ ಕಿವಿ ಅಂದುಕೊಳ್ಳುತ್ತೇವೆ. ಇಷ್ಟು ವರ್ಷವೂ ಇದ್ದಿರಬೇಕು, ನಿಜವಾದ ಸೈಡ್‌ಲೋಬ್‌ಗಳ ಗಲಾಟೆಯಲ್ಲಿ ಕಂಡಿರಲಿಲ್ಲ. ಜರಡಿ ಆ ಗಲಾಟೆಯನ್ನೆಲ್ಲ ಅಡಗಿಸಿತು ನೋಡಿ, ಉಳಿದದ್ದು ಇವರೊಬ್ಬರೇ. ಜರಡಿ ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೆಂದರೆ ತನ್ನನ್ನು ಮಾಡಿದವನನ್ನೇ ತೋರಿಸಿಕೊಟ್ಟಿತ್ತು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿದ್ದಾಗ ಕಾರಿನ ಸದ್ದು ಕೇಳಿಸಿತು.

ಓಡಿ ಹೋಗಿ ಕ್ಯಾನು ಇಳಿಸಿ ಬಂದೆ. ಅತ್ತಿಗೆ ಮುಂದೆ, ಇವರು ಹಿಂದೆ.

"ಡಾಕ್ಟರ್ ಏನೂ ಇಲ್ಲ ಅಂದ್ರು ಕಣಮ್ಮ" ಅತ್ತಿಗೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಗಡಿಯಾರ ಬರೆಸಿದ್ರು, ಪದ ಹೇಳಿಸಿದ್ರು, ಹಿಂದುಮುಂದಾಗಿ ಎಣಿಸೋಕೆ ಹೇಳಿದ್ರು. ಎಲ್ಲ ಸರಿಯಾಗಿ ಹೇಳ್ದ. ಆದ್ರೆ ಈ ಮಹಾರಾಯ ನಂಬಬೇಕಲ್ಲ!"

"ಡಾಕ್ಟರು ನನ್ನ ಜರಡಿ ಲೆಕ್ಕ ನೋಡಿಲ್ಲವಲ್ಲ ಅಕ್ಕ" ಅಂದರು ಇವರು. ಕುರ್ಚಿಯಲ್ಲಿ ಕೂತು ನನ್ನ ಕಡೆ ನೋಡಿದರು. "ದಾರಿಯಲ್ಲೇ ಬಂದರಿನ ಮೇಡಂಗೆ ಫೋನ್ ಮಾಡ್ದೆ. ಗೋಪುರದ್ದು ತೆಗೆಸಿಬಿಡಿ ಅಂದೆ."

"ಏನು ಮಾಡಿದ್ರಿ?"

"ನನ್ನ ತಲೆ ಮೊದಲಿನ ಹಾಗಿಲ್ಲ, ನನ್ನ ಲೆಕ್ಕ ನಂಬಿ ಯಾರ ದೋಣಿಯೂ ಮುಳುಗೋದು ಬೇಡ ಅಂದೆ. ನಾಡಿದ್ದು ಕ್ರೇನ್ ತರಿಸ್ತಾರಂತೆ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು. "ಬೇಜಾರು ಮಾಡ್ಕೋಬೇಡ ಕಣೇ. ಅದು ನಮ್ಮ ಮೊದಲನೇದು ಅಂತ ನಂಗೂ ಗೊತ್ತು."

ಕಂಡದ್ದನ್ನೆಲ್ಲ ಆಗಲೇ ಹೇಳಿಬಿಡಬೇಕೆನಿಸಿತು. ಆದರೆ ಹೇಳಿದರೆ ನಂಬುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹೆಂಡತಿ ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ಕೈ ಹಿಡಿದು ಎಬ್ಬಿಸಿ ನನ್ನ ಮೇಜಿನ ಹತ್ತಿರ ಎಳೆದುಕೊಂಡು ಹೋದೆ.

"ಕೂತ್ಕೊಳ್ಳಿ ಇಲ್ಲಿ."

"ಇದು ನಿನ್ನ ಜಾಗ."

"ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ ಅಂದೆ."

ಕೂತರು. ಮೋಟರ್ ಹಾಕಿದೆ. ಅದರ ಸದ್ದು ಕೇಳಿ ಮುಖ ಸಿಂಡರಿಸಿದರು. ಗೆರೆ ಬಂತು, ನಲವತ್ತೆಂಟು ದಾಟಿತು, ಬಲಕ್ಕೆ ಹೋಗಿ ಮುಗಿಯಿತು. ಕೆಂಪು ಗೆರೆಯ ಹತ್ತಿರಕ್ಕೂ ಯಾವುದೂ ಸುಳಿಯಲಿಲ್ಲ. ಅವರು ಬಗ್ಗಿ ಪರದೆಗೆ ಮೂಗು ತಾಗಿಸಿ ನೋಡಿದರು.

"ಮೋಟರ್ ಜಾರ್ತಿದೆ."

"ಇಲ್ಲ. ಹೋಗಿ ಪೀಠದ ಗುರುತು ನೋಡಿ ಬನ್ನಿ."

ಹೋಗಿ ನೋಡಿ ಬಂದರು. ಜಾರಿರಲಿಲ್ಲ.

"ಈಗ ಒಳಗೆ ಹೋಗಿ ನಿಮ್ಮ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಏನೂ ಮುಟ್ಟಬೇಡಿ. ಸುಮ್ನೆ ಕೂತ್ಕೊಳ್ಳಿ."

ಅತ್ತಿಗೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಏನೇ ನಡೀತಿದೆ ಇಲ್ಲಿ?" ಅಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಆ ಹೆಂಗಸಿನ ಬಾಯಿ ಮುಚ್ಚಿಸಿದವರು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಇವರು ಒಳಗೆ ಹೋಗಿ ಕೂತರು. ಮೋಟರ್ ತಿರುಗಿತು. ಉಬ್ಬು ಬಂತು. "ಹೊರಗೆ ಬಂದು ನೋಡಿ" ಎಂದು ಕಿಂಡಿಯಲ್ಲಿ ಕೂಗಿದೆ.

ಬಂದು ನಿಂತು ನೋಡಿದರು. ಮೊದಲಿನ ಗೆರೆ, ಈಗಿನ ಗೆರೆ, ಎರಡನ್ನೂ ಒಂದರ ಮೇಲೊಂದು ಇಟ್ಟಿದ್ದೆ. ನಲವತ್ತೆಂಟರಲ್ಲಿ ಮಾತ್ರ ಬೇರೆ, ಉಳಿದ ಕಡೆ ಎರಡೂ ಒಂದೇ. ಅವರ ಕಣ್ಣು ಪರದೆಯಿಂದ ಗುಹೆಯ ಬಾಗಿಲಿಗೆ ಹೋಯಿತು, ಬಾಗಿಲಿನಿಂದ ಸ್ಟೂಲಿಗೆ, ಸ್ಟೂಲಿನಿಂದ ಮರೆಯ ಹಲಗೆಗೆ. ಆಮೇಲೆ ನಿಧಾನಕ್ಕೆ ಕೆಳಗಿಳಿದು ತಮ್ಮ ಅಂಗಿಯ ಗುಂಡಿಗಳ ಮೇಲೆ ನಿಂತಿತು.

"ಅದು... ನಾನಾ?"

"ನೀವೇ."

"ಇಷ್ಟು ದಿನ?"

"ಇಷ್ಟೂ ದಿನ."

ಅತ್ತಿಗೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದದ್ದೇ ಗೋಡೆ ಹಿಡಿದುಕೊಂಡು ನಗತೊಡಗಿದರು, "ಅಯ್ಯೋ ಹೊಟ್ಟೆಬಾಕ! ಅಯ್ಯೋ ನಿನ್ನ!" ಎಂದು. ನಾನೂ ನಗುತ್ತಿದ್ದೆ. ಇವರು ನಗಲಿಲ್ಲ. ನನ್ನ ಕುರ್ಚಿಯಲ್ಲಿ ಕುಸಿದು ಕೂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಭುಜಗಳು ಅಲುಗಿದವು. ಅತ್ತಿಗೆಯ ನಗು ಅರ್ಧಕ್ಕೇ ನಿಂತಿತು.

"ಅಪ್ಪನ ಹಾಗೇ ಆಗ್ತಿದೀನಿ ಅಂದ್ಕೊಂಡಿದ್ದೆ" ಅಂದರು ಕೈಗಳ ಒಳಗಿನಿಂದಲೇ. "ನಿನ್ನ ಮುಖವೂ ಮರೆತುಹೋಗೋಕೆ ಮುಂಚೆ ಅಂಗಡಿ ಮುಚ್ಚಿಬಿಡೋಣ ಅಂದ್ಕೊಂಡೆ. ನೀನೊಬ್ಬಳೇ ಯಾರ್ಯಾರ ಹತ್ರ ಉತ್ತರ ಹೇಳ್ತಾ ಓಡಾಡ್ಬೇಕು ಅಂತ."

ನಾನು ಆ ತಲೆಯನ್ನು ಹಿಡಿದು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅತ್ತಿಗೆ ನೋಡುತ್ತಿದ್ದರು, ನೋಡಲಿ. ಅಂಥ ತಲೆಯನ್ನು, ಇಷ್ಟು ದಿನ ಒಳಗೊಳಗೇ ಇಷ್ಟು ನೋಯಿಸಿಕೊಂಡ ತಲೆಯನ್ನು, ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ.

"ಸಾಕು ಬಿಡೇ, ಉಸಿರು ಕಟ್ಟುತ್ತೆ" ಅಂದರು ಸ್ವಲ್ಪ ಹೊತ್ತಿನ ಮೇಲೆ. ಮುಖ ತೊಳೆದುಕೊಂಡು ಬಂದು ಬಂದರಿಗೆ ಫೋನ್ ಮಾಡಿದರು. ನಮಗೆ ಮೇಡಂ ಮಾತು ಕೇಳಿಸಲಿಲ್ಲ, ಇವರದು ಮಾತ್ರ.

"ಮೇಡಂ, ಕ್ರೇನ್ ಬೇಡ ಅಂದ್ಬಿಡಿ. ಹೌದು, ಸ್ವಲ್ಪ ಹೊತ್ತಿನ ಹಿಂದೆ ನಾನೇ ಹೇಳಿದ್ದು. ಇಲ್ಲ ಇಲ್ಲ, ತಲೆ ಚೆನ್ನಾಗಿಯೇ ಇದೆಯಂತೆ ಮೇಡಂ. ಹೊಟ್ಟೆ ಜಾಸ್ತಿಯಾಗಿದೆ." ಆ ಕಡೆ ಏನೋ ಕೇಳಿರಬೇಕು. "ಫೋನಲ್ಲಿ ಬೇಡ ಮೇಡಂ, ಮರ್ಯಾದೆ ಪ್ರಶ್ನೆ. ಬನ್ನಿ, ತೋರಿಸ್ತೀನಿ."

ಮೇಡಂ ಮರುದಿನವೇ ತಮ್ಮದೇ ಅಳತೆಯ ಪೆಟ್ಟಿಗೆ ಹಿಡಿದುಕೊಂಡು ಬಂದರು. ಗುಹೆಯೊಳಗೆ ಯಾರೂ ಇರಲಿಲ್ಲ. ಇವರು ಮೇಜಿನ ಹತ್ತಿರ, ನನ್ನ ಪಕ್ಕದಲ್ಲಿ, ಕುರ್ಚಿ ಎಳೆದುಕೊಂಡು ಕೂತಿದ್ದರು. ಮೇಡಂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಾವೇ ಓಡಿಸಿ ನೋಡಿದರು, ಜರಡಿ ಬಿಚ್ಚಿಸಿ ನೋಡಿದರು, ಮತ್ತೆ ಕಟ್ಟಿಸಿ ನೋಡಿದರು. ಕೊನೆಗೆ ಪೆಟ್ಟಿಗೆ ಮುಚ್ಚಿ, "ಗೋಪುರದ ಮೇಲೆ ನಿಮ್ಮದೇ ಇರುತ್ತೆ ಸರ್. ಜರಡಿ ಯಾವಾಗ ಹತ್ತಿಸೋಣ?" ಅಂದರು. ಇವರು ಮೇಜಿನ ಕೆಳಗೆ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಚುಕಿದರೆಂದರೆ ಬಳೆಯ ಗುರುತು ಮೂಡಿತು.

ಹೊರಡುವ ಮುಂಚೆ ಕಾಫಿ ಕುಡಿಯುತ್ತಾ ಮೇಡಂ ಇನ್ನೊಂದು ವಿಷಯ ಎತ್ತಿದರು. ಬಂದರಿನ ಹೊರಬಾಯಲ್ಲಿ ಇನ್ನೊಂದು ರಾಡಾರ್ ಇದೆಯಂತೆ, ಬೇರೆ ಯಾರೋ ಮಾಡಿದ್ದು, ಇದರ ಎರಡರಷ್ಟು ದೊಡ್ಡದು, ಹತ್ತು ಸೆಂಟಿಮೀಟರ್ ಅಲೆಯದು, ಅಲ್ಲಿಯೂ ಇದೇ ಗೋಳು. "ಅದಕ್ಕೂ ಜರಡಿ ಮಾಡೋದಾದ್ರೆ ಹಾಳೆಗಳ ಮಧ್ಯ ಎಷ್ಟು ಅಂತರ ಬೇಕಾಗುತ್ತೆ?"

ನಾನು ಸಂಭ್ರಮದಲ್ಲಿದ್ದೆ, ಯೋಚಿಸದೆ ಬಾಯಿ ಹಾಕಿದೆ. "ಆಂಟೆನಾ ಇದರ ಎರಡರಷ್ಟಿದೆಯಲ್ವಾ, ಹಾಗಾದ್ರೆ ಮೂವತ್ತೆರಡು ಮಿಲಿಮೀಟರ್."

"ಏನಂದೆ?" ಇವರ ಲೋಟ ಟಕ್ಕೆಂದು ಮೇಜಿಗೆ ಬಿತ್ತು. "ಮೂವತ್ತೆರಡಾ? ಇಷ್ಟು ವರ್ಷ ನನ್ನ ಜೊತೆ ಇದ್ದು ಕಲಿತದ್ದು ಇದೇನಾ? ಆಂಟೆನಾ ದೊಡ್ಡದಾದ್ರೆ ಜರಡಿ ಅಗಲ ಆಗುತ್ತೆ, ಅಂತರ ಯಾಕೆ ಬದಲಾಗುತ್ತೆ? ಅಂತರ ಇರೋದು ಅಲೆಗೆ, ಆಂಟೆನಾಕ್ಕಲ್ಲ! ಅಲ್ಲಿಯ ಅಲೆ ಹತ್ತು ಸೆಂಟಿಮೀಟರ್‌ಗೆ ಚೂರು ಕಡಿಮೆ, ಅದರರ್ಧ ಎಷ್ಟು? ನಲವತ್ತೊಂಬತ್ತು! ಮೂವತ್ತೆರಡಂತೆ, ಮೂವತ್ತೆರಡು! ಮೇಡಂ, ಇವಳ ಮಾತು ಕೇಳಿದ್ರೆ ನಿಮ್ಮ ಹಡಗೆಲ್ಲ ದಡಕ್ಕೆ ಹತ್ತುತ್ತವೆ."

ಕ್ಯಾಲ್ಕುಲೇಟರ್ ಅವರ ಮೊಣಕೈ ಪಕ್ಕದಲ್ಲೇ ಇತ್ತು. ಮುಟ್ಟಿರಲಿಲ್ಲ.

ಮೇಡಂ ಪಾಪ ಗಾಬರಿಯಾಗಿ ನನ್ನ ಕಡೆ ನೋಡಿದರು, ಗಂಡ ಹೆಂಡಿರ ನಡುವೆ ಹುಳಿ ಹಿಂಡಿದೆನೇನೋ ಎಂದು. ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ. ತಟ್ಟೆಗೂ ಚೆಲ್ಲಿತು. ಅಷ್ಟು ಸುಖವಾಗಿ ನನ್ನನ್ನು ಯಾರೂ ಬೈದು ಬಹಳ ಕಾಲವಾಗಿತ್ತು.

"ಬೈಯಿರಿ" ಅಂದೆ ಇವರಿಗೆ. "ಇನ್ನೂ ಬೈಯಿರಿ."